ಹೊಟ್ಟೆಯಿಂದ ಹಾಡಿ ಅಂದಿದ್ದಕ್ಕೆ

ಟೆಕ್ಸಾಸ್‌ನ ಕಾಪೆಲ್‌ನಲ್ಲಿರೋ ನಮ್ಮ ಮನೆಯ ಊಟದ ಕೋಣೆಯೇ ನನ್ನ ಪಾಠಶಾಲೆ. ದೊಡ್ಡವರ ದನಿ ತಿದ್ದೋದು ನನ್ನ ಕೆಲಸ. ಉಸಿರು ಹೇಗೆ ತಗೋಬೇಕು, ಬಾಯಿ ಎಷ್ಟು ತೆರೀಬೇಕು, ಗಂಟಲನ್ನ ಹೇಗೆ ಸಡಿಲ ಬಿಡಬೇಕು ಅಂತ ಹೇಳಿಕೊಡ್ತೀನಿ. ಹತ್ತಿರದವರು ಮನೆಗೇ ಬರ್ತಾರೆ, ಹ್ಯೂಸ್ಟನ್, ಆಸ್ಟಿನ್ ಕಡೆಯವರು ವಿಡಿಯೋದಲ್ಲಿ ಕಲೀತಾರೆ. ಕೇಳೋಕೆ ಬಹಳ ಸಾಧು ಕಸುಬು. ಆದರೆ ಇಲ್ಲಿ ಹೇಳಿಕೊಟ್ಟ ಅಭ್ಯಾಸ ಅವರವರ ಮನೆ ಸೇರಿದ ಮೇಲೆ ಏನಾಗುತ್ತೆ ಅನ್ನೋದು ನನ್ನ ಕೈಯಲ್ಲಿಲ್ಲ. ‘ಒಂದು ಎಡವಟ್ಟಾಯ್ತು’ ಅಂತ ಶುರುವಾಗೋ ಫೋನು ನನಗೆ ಬರ್ತಾನೇ ಇರುತ್ತೆ.

ಹೊಟ್ಟೆ ಡಾಕ್ಟರು

ಹ್ಯೂಸ್ಟನ್‌ನ ಡಾಕ್ಟರೊಬ್ಬರು ಪಾಠಕ್ಕೆ ಸೇರಿದರು. ಉಡುಪಿ ಕಡೆಯವರು, ಹೊಟ್ಟೆ ಕರುಳಿನ ತಜ್ಞರು. ಮದುವೆಯ ವಾರ್ಷಿಕೋತ್ಸವದಲ್ಲಿ ಹೆಂಡತಿಗೊಂದು ಭಾವಗೀತೆ ಹಾಡಿ ಆಶ್ಚರ್ಯಪಡಿಸಬೇಕು ಅನ್ನೋದು ಅವರ ಆಸೆ. ಎರಡು ಸಾಲು ಹಾಡೋಷ್ಟರಲ್ಲಿ ಉಸಿರು ಮುಗಿದು ಮುಖ ಕೆಂಪಾಗ್ತಿತ್ತು.

ಎಲ್ಲರಿಗೂ ಹೇಳೋ ಹಾಗೆ ಅವರಿಗೂ ಹೇಳಿದೆ, ಉಸಿರು ಎದೆಯಲ್ಲೇ ನಿಲ್ಲಬಾರದು, ಹೊಟ್ಟೆಗೆ ಹೋಗಬೇಕು ಅಂತ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಮೇಡಂ, ದಿನಾ ಕ್ಯಾಮೆರಾ ಬಿಟ್ಟು ಹೊಟ್ಟೆಯ ಒಳಗೆ ನೋಡುವವ ನಾನು. ಅಲ್ಲಿಗೆ ಗಾಳಿ ಹೋದರೆ ಹೊರಗೆ ಬರುವುದು ಹಾಡಲ್ಲ.”

ನಾನು ಸೋತೆ. ಶ್ವಾಸಕೋಶದ ಕೆಳಗಿನ ವಪೆ ಅನ್ನೋ ಸ್ನಾಯು ಇಳಿದಾಗ ಹೊಟ್ಟೆ ಮುಂದಕ್ಕೆ ಬರುತ್ತೆ, ನಾನು ಹೇಳಿದ್ದು ಅದನ್ನೇ ಅಂತ ತಿದ್ದಿಕೊಂಡೆ. ನೆಲದ ಮೇಲೆ ಮಲಗಿ, ಹೊಟ್ಟೆ ಮೇಲೊಂದು ದಪ್ಪ ಪುಸ್ತಕ ಇಟ್ಟುಕೊಂಡು, ಫೋನಿನಲ್ಲಿ ಶ್ರುತಿ ಹಾಕಿ, ಪುಸ್ತಕ ಏಳುತ್ತಾ ಇಳಿಯುತ್ತಾ ನೋಡಿ ಅಂದೆ. ತಮ್ಮ ವೈದ್ಯಕೀಯ ಪುಸ್ತಕವನ್ನೇ ಇಟ್ಟುಕೊಂಡರು. ಪುಸ್ತಕ ಚೆನ್ನಾಗಿಯೇ ಎದ್ದಿಳಿಯಿತು. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯ್ತು. ಆಸ್ಪತ್ರೆಯಿಂದ ದಣಿದು ಬಂದ ಮನುಷ್ಯನಿಗೆ ನೆಲದ ಮೇಲೆ ಮಲಗಿ ಅಂದರೆ ಇನ್ನೇನಾಗುತ್ತೆ.

ಸದ್ದು ಕೇಳಿ ಅವರ ಹೆಂಡತಿ ಬಂದರು. ಆಶ್ಚರ್ಯ ಅಲ್ಲಿಗೇ ಮುಗೀತು. ಪರದೆಯಲ್ಲಿ ನನ್ನನ್ನ ನೋಡಿ ನಮಸ್ಕಾರ ಹೇಳಿ, ಗಂಡನ ಗೊರಕೆಗೂ ಫೋನಿನ ಶ್ರುತಿಗೂ ಕಿವಿಗೊಟ್ಟು ನಿಂತರು. ಆಮೇಲೆ ನಿಧಾನಕ್ಕೆ ಹೇಳಿದರು, “ಇಷ್ಟು ವರ್ಷ ಕೇಳಿದ್ದೇನೆ ಮೇಡಂ, ಶ್ರುತಿಗೆ ಸೇರಿದ್ದು ಇವತ್ತೇ.”

ಸಿಗ್ನಲ್ಲಿನಲ್ಲಿ

ತುಟಿ ಎರಡನ್ನೂ ಸಡಿಲವಾಗಿ ಸೇರಿಸಿ ‘ಬುರ್ರ್’ ಅಂತ ಸ್ವರ ಏರಿಸಿ ಇಳಿಸೋದು ಗಂಟಲಿನ ಬಿಗಿ ಬಿಡಿಸೋಕೆ ಒಳ್ಳೆ ಅಭ್ಯಾಸ. ಲಾಸ್ ಕೊಲಿನಾಸ್‌ನಲ್ಲಿ ಕೆಲಸ ಮಾಡೋ ಹುಡುಗನೊಬ್ಬ ಅದನ್ನ ದಿನಾ ಡ್ರೈವ್ ಮಾಡುವಾಗ ಮಾಡ್ತಿದ್ದ. ಒಂದು ದಿನ ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನಲ್ಲಿ ಅಳುತ್ತಿದ್ದ ಮಗು ಇವನ ತುಟಿ ನೋಡಿ ಗಪ್ಪನೆ ಸುಮ್ಮನಾಯ್ತು, ನಗೋಕೂ ಶುರು ಮಾಡ್ತು. ಹಸಿರು ಬಂತು, ಮಗು ಮತ್ತೆ ಅತ್ತಿತು. ಮುಂದಿನ ಸಿಗ್ನಲ್ಲಿನಲ್ಲಿ ಅದರ ತಾಯಿ ಗಾಜು ಇಳಿಸಿ, ದಯವಿಟ್ಟು ಇನ್ನೊಂದು ಸಲ ಮಾಡಿ ಅಂತ ಕೇಳಿಕೊಂಡಳು. ಹೀಗೇ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಹೋಗಿ, ಇವನು ತಾನು ತಿರುಗಬೇಕಾದ ರಸ್ತೆ ದಾಟಿ ಅವರ ಡೇಕೇರ್‌ವರೆಗೂ ಬಿಟ್ಟು ಬಂದ.

ಲೇಟ್ ಯಾಕೆ ಅಂತ ಮ್ಯಾನೇಜರ್ ಕೇಳಿದ್ದಕ್ಕೆ ಮಗೂನ ಡೇಕೇರ್‌ಗೆ ಬಿಡೋದಿತ್ತು ಅಂದನಂತೆ. ಅವನಿಗಿನ್ನೂ ಮದುವೆಯಾಗಿಲ್ಲ. ಆಫೀಸಿನವರು ಮಾರನೇ ದಿನ ಕೇಕ್ ತಂದರು.

ಕ್ಲಾಸೆಟ್ಟಿನೊಳಗೆ

ಪ್ರಾಸ್ಪರ್‌ನ ಹೊಸ ಬಡಾವಣೆಯಲ್ಲಿರೋ ಹೆಣ್ಣುಮಗಳೊಬ್ಬಳು ನನ್ನ ಶಿಷ್ಯೆ. ಉದ್ದನೆಯ ಉಸಿರು ಬರಲಿ ಅಂತ ಅವಳಿಗೆ ‘ಸ್‌ಸ್‌ಸ್’ ಅಂತ ಒಂದೇ ಸಮನೆ ಗಾಳಿ ಬಿಡೋ ಅಭ್ಯಾಸ ಕೊಟ್ಟಿದ್ದೆ. ಮನೆಗೆ ಧಾರವಾಡದಿಂದ ಮಾವ ಬಂದಿದ್ದರು. ಅವರೆದುರು ನಾಚಿಕೆ ಅಂತ ಬಟ್ಟೆ ಇಡೋ ದೊಡ್ಡ ಕ್ಲಾಸೆಟ್ಟಿನೊಳಗೆ ಹೋಗಿ, ಬಾಗಿಲು ಹಾಕಿ, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಮಾಡ್ತಿದ್ದಳು.

ಮಾವ ಅವಳು ವಾಕಿಂಗ್ ಹೋಗಿದಾಳೆ ಅಂದುಕೊಂಡಿದ್ದರು. ಮನೆಗಳನ್ನ ಕಟ್ಟೋಕೆ ಹೊಲ ಅಗೆದಿದ್ದಕ್ಕೆ ಹಾವುಗಳೆಲ್ಲ ಅಂಗಳಕ್ಕೆ ಬರ್ತಿವೆ ಅಂತ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬೇರೆ ಓಡಾಡ್ತಿತ್ತು. ಒಗೆದ ಶರ್ಟು ಇಡೋಕೆ ಬಂದವರಿಗೆ ಒಳಗಿನಿಂದ ಉದ್ದನೆಯ ಬುಸುಗುಟ್ಟುವಿಕೆ ಕೇಳಿಸ್ತು. ಬಂದ ಹಾಗೇ ಹಿಂದೆ ಸರಿದು, ಊರಿಂದ ತಂದ ಎರಡೂ ಸೂಟ್‌ಕೇಸನ್ನ ಬಾಗಿಲಿಗೆ ಒತ್ತಿಟ್ಟು, ಎದುರು ಮನೆಯ ಅಮೆರಿಕನ್ ಅಜ್ಜನನ್ನ ಕೈಸನ್ನೆಯಲ್ಲೇ ಕರೆತಂದರು. ಅಜ್ಜ ದೊಡ್ಡ ಟೋಪಿ, ಉದ್ದನೆಯ ಬೂಟು ಹಾಕಿಕೊಂಡು ಸಲಿಕೆ ಹಿಡಿದು ಬಂದ. ಇಬ್ಬರೂ ಬಾಗಿಲಿಗೆ ಕಿವಿಯಿಟ್ಟರು. ಉಸಿರಿನ ಉದ್ದ ಕೇಳಿ, ಇದು ಬಹಳ ದೊಡ್ಡದೇ ಇರಬೇಕು ಅಂತ ಅಜ್ಜ ತಲೆ ಆಡಿಸಿದ.

ಅಷ್ಟರಲ್ಲಿ ಅಭ್ಯಾಸ ಮುಗಿಸಿದ ಸೊಸೆ ಬಾಗಿಲು ತಳ್ಳಿದಳು. ತೆರೆದುಕೊಳ್ಳಲಿಲ್ಲ. ಟಕ್ ಟಕ್ ಅಂತ ಬಡಿದಳು.

ಅಜ್ಜ ಸಲಿಕೆ ಕೆಳಗಿಟ್ಟು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು, “ನಾನು ಟೆಕ್ಸಾಸ್‌ನಲ್ಲೇ ಹುಟ್ಟಿ ಬೆಳೆದವನು. ಬಾಗಿಲು ತಟ್ಟೋ ಹಾವನ್ನ ಇದುವರೆಗೂ ಕಂಡಿಲ್ಲ.”

ಮಾವ ಆ ಸಂಜೆ ನನಗೆ ಫೋನ್ ಮಾಡಿದರು. ಬೈತಾರೇನೋ ಅಂದುಕೊಂಡೆ. “ಉಸಿರು ಭಾಳ ಚಲೋ ಆಗ್ಯದ ರೀ,” ಅಂದರು, “ಆದ್ರ ಹಾಡೂದು ಯಾವಾಗ ಕಲಸ್ತೀರಿ?”

ಆಸ್ಟಿನ್‌ನ ಸಂಕ್ರಾಂತಿ

ಆಸ್ಟಿನ್‌ನ ಕನ್ನಡದವರು ಸಂಕ್ರಾಂತಿಗೆ ಸಮೂಹಗಾನ ಕಲಿಸಿ ಅಂತ ಕರೆದಿದ್ದರು. ಹಾಡು ಅವರಲ್ಲೇ ಒಬ್ಬರು ಬರೆದದ್ದು, ಊರಿನ ಮನೆಯ ನೆನಪು. ‘ನಮ್ಮ ಮನೆಯ ಮುಂದೆ ಮಾವಿನ ಮರ’ ಅನ್ನೋದು ಪಲ್ಲವಿ. ಎಲ್ಲರೂ ಮೊದಲ ಸಲ ವೇದಿಕೆ ಹತ್ತೋರು, ಪಾಪ, ವಾರಗಟ್ಟಲೆ ವಿಡಿಯೋದಲ್ಲಿ ಬೆವರು ಸುರಿಸಿದ್ದರು. ಸ್ವರ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಪರವಾಗಿಲ್ಲ, ಒಂದೊಂದು ಅಕ್ಷರವೂ ಕೊನೇ ಸಾಲಿಗೆ ಕೇಳಿಸಬೇಕು ಅಂತ ತಿದ್ದಿ ತೀಡಿದ್ದೆ.

ಜನವರಿಯಲ್ಲಿ ಆಸ್ಟಿನ್‌ಗೆ ಸೀಡರ್ ಮರದ ಪರಾಗದ ಕಾಟ. ಗಾಳಿ ಬೀಸಿದರೆ ಕಾರಿನ ಮೇಲೆಲ್ಲ ಹಳದಿ ಪುಡಿ. ಎರಡು ದಿನ ಮೊದಲೇ ಹೋಗಿ ತಾಲೀಮು ಮಾಡಿಸಿದೆ. ಕಾರ್ಯಕ್ರಮದ ಬೆಳಗ್ಗೆ ನೋಡಿದರೆ ನನ್ನದೂ ಸೇರಿ ಎಲ್ಲರ ಮೂಗೂ ಬಂದ್. ಶುಂಠಿ ಕಷಾಯ, ಬಿಸಿನೀರಿನ ಹಬೆ, ಮಾತ್ರೆ, ಯಾವುದೂ ನಾಟಲಿಲ್ಲ. ಗಂಟಲೇನೋ ಚೆನ್ನಾಗಿತ್ತು. ಆದರೆ ಮ, ನ ಅನ್ನೋ ಅಕ್ಷರಗಳು ಹೊರಡೋದೇ ಮೂಗಿನಿಂದ. ಮೂಗು ಮುಚ್ಚಿದರೆ ಮ ಅನ್ನೋದು ಬ ಆಗುತ್ತೆ, ನ ಅನ್ನೋದು ದ ಆಗುತ್ತೆ.

ಪರದೆ ಸರೀತು. ಎಲ್ಲರೂ ನೆಟ್ಟಗೆ ನಿಂತು, ಉಸಿರು ತುಂಬಿಕೊಂಡು, ಒಂದೇ ಶ್ರುತಿಯಲ್ಲಿ, ಕೊನೇ ಸಾಲಿಗೂ ಸ್ಪಷ್ಟವಾಗಿ ಕೇಳೋ ಹಾಗೆ ಹಾಡಿದರು:

“ದಬ್ಬ ಬದೆಯ ಬುದ್ದೆ ಬಾವಿದ ಬರ.”

ಹಾಡು ಬರೆದವರು ವೇದಿಕೆಯ ಪಕ್ಕದ ಪರದೆಯ ಮರೆಯಲ್ಲಿ ತಲೆ ಹಿಡಿದು ಕೂತರು. ನಾನು ನೆಲ ನೋಡ್ತಾ ನಿಂತೆ. ಹಾಡು ಮುಗಿದಾಗ ಮಾತ್ರ ಚಪ್ಪಾಳೆ ಜೋರಾಗೇ ಬಂತು. ಮೊದಲ ಸಾಲಿನಲ್ಲಿ, ಮಗಳ ಮನೆಗೆ ಮಂಡ್ಯದಿಂದ ಬಂದಿದ್ದ ಹಿರಿಯರೊಬ್ಬರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರಂತೆ. ನೇರವಾಗಿ ನನ್ನ ಹತ್ತಿರ ಬಂದರು, ಕಣ್ಣು ಒದ್ದೆಯಾಗಿತ್ತು.

“ಮನೆ ಮುಂದಿನ ಬಾವಿಗೂ ಬರ ಬಂತು ಅಂತ ಎಷ್ಟು ಚೆನ್ನಾಗಿ ಹಾಡಿಸಿದಿರಮ್ಮ. ಹಬ್ಬದ ದಿನಾನೂ ನೀರಿನ ಕಷ್ಟ ನೆನೆಸಿಕೊಂಡೋರು ನೀವೇ ಮೊದಲು,” ಅಂದರು.

ಕವಿಗೆ ಅನ್ಯಾಯ ಆಗಬಾರದು ಅಂತ ಮನಸ್ಸು ಗಟ್ಟಿ ಮಾಡಿದೆ. ಹೊಟ್ಟೆಯಿಂದ ಉಸಿರು ತಗೊಂಡು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ, “ಅಲ್ಲ ಸರ್, ಅದು ಬಾವಿದ ಬರ.”

ಅವರು ನನ್ನ ತಲೆ ಮೇಲೆ ಕೈಯಿಟ್ಟರು. “ಹೌದಮ್ಮ, ಅದನ್ನೇ ಅಲ್ವಾ ನಾನೂ ಹೇಳ್ತಿರೋದು.”