ಉರಿದರೆ ಹೆದರಬೇಡಿ

ಬೆಳಿಗ್ಗೆ ಎದ್ದು ಕನ್ನಡಿ ನೋಡಿಕೊಂಡಾಗ ಅವನ ಮೇಲ್ದುಟಿಯ ಎಡತುದಿಯಲ್ಲಿ ಸಾಸಿವೆಕಾಳಿನಷ್ಟು ದೊಡ್ಡ ನೀರುಗುಳ್ಳೆಯೊಂದು ಕೂತಿತ್ತು. ಬೇರೆ ಯಾವ ದಿನ ಬಂದಿದ್ದರೂ ಅವನು ಅದನ್ನು ಕ್ಷಮಿಸುತ್ತಿದ್ದ. ಆದರೆ ಅವತ್ತು ಮಧ್ಯಾಹ್ನ ವಾರಪತ್ರಿಕೆಯ ಯಜಮಾನರು ಕ್ರೀಡಾಪುಟಕ್ಕೆ ಹೊಸ ವರದಿಗಾರನನ್ನು ಆರಿಸುವವರಿದ್ದರು. ಯಜಮಾನರೋ, ಮುಖ ನೋಡಿಯೇ ಆಳು ಆರಿಸುವುದಕ್ಕೆ ಹೆಸರಾದವರು.

ಆ ಪತ್ರಿಕೆಯಲ್ಲಿ ಅವನದು ಪ್ರೂಫ್ ತಿದ್ದುವ ಕೆಲಸ. ಕಚೇರಿಯವರು ಅವನನ್ನು 'ಅಲ್ಪವಿರಾಮ' ಎನ್ನುತ್ತಿದ್ದರು, ಹೆಂಡತಿ 'ಇಲ್ನೋಡಿ' ಎನ್ನುತ್ತಿದ್ದಳು. ಅವನಿಗೆ ಮೂರನೆಯದೊಂದು ಹೆಸರೂ ಇತ್ತು. ಅದು ಗೊತ್ತಿದ್ದದ್ದು ಅವನಿಗೆ ಮತ್ತು ಸಂಪಾದಕರಿಗೆ ಮಾತ್ರ. ಪ್ರತಿ ವಾರ ಏಳನೆಯ ಪುಟದಲ್ಲಿ 'ಅಜ್ಜಿಯ ಕೈಮದ್ದು' ಬರೆಯುತ್ತಿದ್ದ, ಊರಿಗೆ ಊರೇ ನಂಬಿದ್ದ ಅಜ್ಜಿ ಅವನೇ.

ಅಸಲಿಗೆ ಆ ಪುಟದಲ್ಲಿ ಅಜ್ಜಿಯೂ ಇರಲಿಲ್ಲ, ಮದ್ದೂ ಇರಲಿಲ್ಲ. ಜಾಹೀರಾತು ಹಾಕಿ ಉಳಿದ ಜಾಗ ಇತ್ತು. ಹತ್ತು ಸಾಲು ಖಾಲಿಯಿದ್ದರೆ ಜೇನುತುಪ್ಪ, ಇಪ್ಪತ್ತಿದ್ದರೆ ಜೇನುತುಪ್ಪದ ಜೊತೆಗೆ ಬೆಳ್ಳುಳ್ಳಿ. ತುಟಿಗುಳ್ಳೆಗೆ ಏನು ಮಾಡಬೇಕೆಂದು ಓದುಗರು ಕೇಳಿದಾಗ ಅವನು ಔಷಧಿ ಅಂಗಡಿಯಲ್ಲಿ ವಿಚಾರಿಸಿ, 'ಮುಟ್ಟಬೇಡಿ, ಟವೆಲ್ಲು ಲೋಟ ಬೇರೆ ಇಟ್ಟುಕೊಳ್ಳಿ, ಒಂದೆರಡು ವಾರದಲ್ಲಿ ತಾನಾಗಿಯೇ ಹೋಗುತ್ತದೆ' ಎಂದು ಪ್ರಾಮಾಣಿಕವಾಗಿಯೇ ಬರೆದಿದ್ದ. ಸಂಪಾದಕರು ಅದಕ್ಕೆ ಅಡ್ಡಗೆರೆ ಎಳೆದರು.

"ತಾನಾಗೇ ಹೋಗುತ್ತೆ ಅಂತ ಓದೋಕೆ ಯಾರಯ್ಯಾ ಪೇಪರ್ ತಗೋತಾರೆ? ಅರೆಯೋದು, ಜಜ್ಜೋದು, ಹಚ್ಚೋದು ಏನಾದ್ರೂ ಬರಿ. ಜನರ ಕೈಗೆ ಕೆಲಸ ಬೇಕು. ಮತ್ತೆ ನೆನಪಿರ್ಲಿ, ಅಜ್ಜಿ ಯಾರು ಅಂತ ಹೊರಗೆ ಬಿದ್ದ ದಿನ ನೀನೂ ಹೊರಗೆ ಬೀಳ್ತೀಯ."

ಅವನು ಮೂರು ವಾರ ಮೂರು ಮದ್ದು ಬರೆದ. ಆದರೂ ಎರಡು ಸಾಲು ಖಾಲಿ ಉಳಿದಾಗ, 'ಉರಿದರೆ ಹೆದರಬೇಡಿ, ಉರಿ ಎಂದರೆ ಮದ್ದು ಹಿಡಿಯುತ್ತಿದೆ ಎಂದೇ ಅರ್ಥ' ಎಂದು ತುಂಬಿಸಿದ. ಬರೆದದ್ದೆಲ್ಲ ಮರೆತ ಜನ ಆ ಎರಡು ಸಾಲನ್ನು ಮಾತ್ರ ಬಾಯಿಪಾಠ ಮಾಡಿಕೊಂಡರು. ಕ್ರೀಡಾಪುಟ ಸಿಕ್ಕರೆ ಈ ಅಜ್ಜಿಯಿಂದ ಅವನಿಗೆ ಬಿಡುಗಡೆಯಾಗುತ್ತಿತ್ತು.

"ಇಲ್ನೋಡಿ, ತುಟಿಗೇನಾಯ್ತು?" ಹೆಂಡತಿ ಹಿಂದೆ ನಿಂತಿದ್ದಳು.

"ಏನಿಲ್ಲ. ತಾನಾಗೇ ಹೋಗುತ್ತೆ."

"ನಿಮ್ಮಕ್ಕ ಬಂದ್ರೇ ತಾನಾಗಿ ಹೋಗಲ್ಲ, ಇದು ಹೋಗುತ್ತಾ?" ಎನ್ನುತ್ತಾ ಅವಳು ಅಡುಗೆಮನೆಯ ಕಪಾಟು ತೆರೆದಳು. ಬಾಗಿಲ ಒಳಮೈ ತುಂಬ ಅಜ್ಜಿಯ ಅಂಕಣಗಳನ್ನು ಕತ್ತರಿಸಿ ಅಂಟಿಸಿದ್ದಳು. ನಿಮಿಷದೊಳಗೆ ಬೆಳ್ಳುಳ್ಳಿ ಜಜ್ಜಿ, ಉಪ್ಪು ಬೆರೆಸಿ, ಅವನ ಗಲ್ಲ ಹಿಡಿದು ಮೆತ್ತಿದಳು. ಅವನು ಕುಣಿದಾಡಿಬಿಟ್ಟ.

"ಅಯ್ಯಯ್ಯೋ, ಉರಿ ಕಣೇ!"

"ಹಾಗಾದ್ರೆ ಹಿಡೀತಿದೆ. ಅಜ್ಜಿ ಬರೆದಿಲ್ವಾ? ಆ ಅಜ್ಜಿ ತಲೇಲಿರೋದ್ರಲ್ಲಿ ಕಾಲುಭಾಗ ನಿಮ್ಮ ತಲೇಲಿದ್ದಿದ್ರೆ ನಾವು ಇನ್ನೂ ಈ ಬಾಡಿಗೆ ಮನೇಲಿ ಇರ್ತಿದ್ವಾ?"

ಹೊಗಳಿಸಿಕೊಂಡದ್ದೋ ಬೈಸಿಕೊಂಡದ್ದೋ ತಿಳಿಯದೆ ಅವನು ಚಪ್ಪಲಿ ಮೆಟ್ಟಿ ಹೊರಟ. ಮೆಟ್ಟಿಲಲ್ಲಿ ಮೇಲಿನ ಮನೆಯ ಡ್ರಿಲ್ ಮಾಸ್ತರು ಎದುರಾದರು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಅವರ ಪಾಲಿಗೆ ಕಟ್ಟಡದವರೆಲ್ಲ ಇನ್ನೂ ಸಾಲಿನಲ್ಲಿ ನಿಂತ ಹುಡುಗರೇ.

"ನಿಲ್ಲು! ತುಟಿಗುಳ್ಳೆ! ಬೆಳ್ಳುಳ್ಳಿ ಹಾಕಿದ್ದೀಯ? ಅದು ಮೊದಲನೇ ವಾರದ್ದು. ಎರಡನೇ ವಾರದ್ದು ಹಾಕದೆ ಬಿಟ್ರೆ ಮುಖಕ್ಕೆಲ್ಲ ಹರಡುತ್ತೆ."

"ಬೇಡ ಮಾಸ್ತರೇ, ನಂಗೆ ಇವತ್ತು..."

"ಬಾಯಿ ಮುಚ್ಚು! ಮುಚ್ಚಿದ್ರೇ ಹಚ್ಚೋಕೆ ಸುಲಭ."

ಎರಡನೆಯ ವಾರದ್ದು ಹಲ್ಲುಪುಡಿ ಮತ್ತು ನಿಂಬೆರಸ. 'ಮೃದುವಾಗಿ ಸವರಿ' ಎಂದು ಬರೆಯಲು ಸಾಲಿನಲ್ಲಿ ಜಾಗ ಸಾಲದೆ ಅವನು 'ತಿಕ್ಕಿ' ಎಂದಷ್ಟೇ ಬರೆದಿದ್ದ. ಮಾಸ್ತರು ಅವನನ್ನು ಮೇಲಿನ ಮನೆಗೆ ಎಳೆದೊಯ್ದು "ಒಂದು! ಎರಡು!" ಎಂದು ಎಣಿಸುತ್ತಾ ತಿಕ್ಕಿದರು. ಬೀದಿಗಿಳಿಯುವ ಹೊತ್ತಿಗೆ ಸಾಸಿವೆ ಕಡಲೆಕಾಳಾಗಿತ್ತು.

ಕಚೇರಿಯಲ್ಲಿ ಟೈಪಿಸ್ಟ್ ಅಕ್ಕ ಅವನನ್ನು ಕಂಡವಳೇ ಎರಡೂ ಕೈ ಕೆನ್ನೆಗೆ ಇಟ್ಟುಕೊಂಡಳು. "ಅಯ್ಯೋ ಅಲ್ಪಣ್ಣ! ಏನಿದು? ಯಜಮಾನ್ರು ಬರೋದ್ರೊಳಗೆ ಇಳಿಸಲೇಬೇಕು. ಮೂರನೇ ವಾರದ್ದು ಮಾಡ್ತೀನಿ ಇರಿ."

"ಅಕ್ಕಾ, ದಯವಿಟ್ಟು..."

"ನಮ್ಮ ಪೇಪರಲ್ಲಿ ಬಂದಿದ್ದನ್ನ ನಾವೇ ನಂಬದೆ ಇದ್ರೆ ಹೇಗಣ್ಣಾ?"

ಇದಕ್ಕೆ ಅವನಲ್ಲಿ ಉತ್ತರವಿತ್ತು, ಹೇಳಿದರೆ ಕೆಲಸವಿರುತ್ತಿರಲಿಲ್ಲ. ಅವಳು ಕುದಿಸಿದ ಚಹಾಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಹೊಗೆಯಾಡುತ್ತಿದ್ದಂತೆಯೇ ತುಟಿಗೆ ಒತ್ತಿದಳು. ದಿನಕ್ಕೆ ಮೂರು ಸಲ ಎಂದು ಅಜ್ಜಿ ಬರೆದಿದ್ದಳಾದ್ದರಿಂದ ಊಟಕ್ಕೆ ಮುಂಚೆ ಒಮ್ಮೆ, ಆಮೇಲೆ ಇನ್ನೊಮ್ಮೆ ಒತ್ತಿದಳು. ಅವನ ಮೇಲ್ದುಟಿ ಊದಿ ಮೂಗಿನ ಕಡೆಗೆ ಹೊರಟಿತ್ತು. ತುಟಿಗೆ ತುಟಿ ಕೂಡದೆ ಪ, ಬ, ಮ ಎಲ್ಲ ಕೈಕೊಟ್ಟವು.

ಅದನ್ನು ನೋಡಿದ ಸಂಪಾದಕರು, "ಒಳಗೆ ಹೋಗಿ ಕಡಿಮೆ ಮಾತಾಡು" ಎಂದಷ್ಟೇ ಹೇಳಿದರು. ಮುಂದಿನ ವಾರದ ಅಂಕಣ ಮುಗಿಯಿತೇ ಎಂದು ಕೇಳುವುದನ್ನು ಮಾತ್ರ ಮರೆಯಲಿಲ್ಲ. ಅವನು ತಲೆಯಾಡಿಸಿದ. ಅದನ್ನು ಹಿಂದಿನ ದಿನವೇ ಮುಗಿಸಿದ್ದ. ಬೆಳ್ಳುಳ್ಳಿ ಹಳೆಯದಾಯಿತೆಂದು ಈ ಸಲ ಕರಿಮೆಣಸು, ಶುಂಠಿ ಎರಡನ್ನೂ ಧಾರಾಳವಾಗಿ ಹಾಕಿದ್ದ.

ಯಜಮಾನರು ಬಂದರು. ಅಚ್ಚುಮನೆಯ ಶಾಯಿಯ ವಾಸನೆ ಅವರಿಗೆ ಆಗುವುದಿಲ್ಲವೇನೋ, ಬಾಗಿಲಲ್ಲೇ ಬಾಯಿಗೆ ಕರ್ಚೀಫು ಒತ್ತಿಕೊಂಡವರು ಕುರ್ಚಿಯಲ್ಲಿ ಕೂತ ಮೇಲೂ ತೆಗೆಯಲಿಲ್ಲ. ಅವನನ್ನು ಕರೆಸಿ, ಎದುರು ಕೂರುವಂತೆ ಕೈಸನ್ನೆ ಮಾಡಿದರು. ಸಂಪಾದಕರು ಪಕ್ಕದಲ್ಲಿ ನಿಂತು ತಾವೇ ಪ್ರಶ್ನೆ ಕೇಳಿದರು.

"ನಿಂಗೆ ಯಾವ ಆಟ ಚೆನ್ನಾಗಿ ಗೊತ್ತು?"

"ಹುಟ್‌ಹಾಲ್" ಎಂದ ಅವನು.

ಯಜಮಾನರ ಕಣ್ಣು ಅವನ ತುಟಿಯ ಮೇಲೆ ನೆಟ್ಟಿತು. ಬೆರಳು ತೋರಿಸಿ ಹುಬ್ಬು ಹಾರಿಸಿದರು. ಅಷ್ಟರಲ್ಲಿ ಬಾಗಿಲು ತೆರೆದು ಟೈಪಿಸ್ಟ್ ಅಕ್ಕ ಹೊಗೆಯಾಡುವ ಗಂಟು ಹಿಡಿದು ನುಗ್ಗಿದಳು. "ಕ್ಷಮಿಸಿ ಸಾರ್, ಮೂರನೇ ಸಲದ್ದು. ಆರಿಹೋದ್ರೆ ಹಿಡಿಯಲ್ಲ ಅಂತ ಅಜ್ಜಿ ಬರೆದಿದ್ದಾರೆ."

ಅವನಿಗೆ ತಡೆಯಲಾಗಲಿಲ್ಲ. ನಾಲ್ಕು ವರ್ಷದ ಅಜ್ಜಿ ಒಂದೇ ಉಸಿರಿಗೆ ಹೊರಬಿದ್ದಳು.

"ಅಜ್ಜಿ ಅಂತ ಯಾರೂ ಇಲ್ಲ! ನಾನೇ ಅಜ್ಜಿ! ಎಲ್ಲಾ ನಾನೇ ಕಟ್ಟಿದ್ದು, ಖಾಲಿ ಜಾಗಕ್ಕೆ ಹಾಕೋಕೆ! ಉರಿದ್ರೆ ಹಿಡಿಯುತ್ತೆ ಅನ್ನೋದೂ ಸುಳ್ಳು, ಉರಿದ್ರೆ ಉರಿಯುತ್ತೆ ಅಷ್ಟೇ!"

ಗಂಟು ಟೈಪಿಸ್ಟ್ ಅಕ್ಕನ ಕೈಯಿಂದ ಸಂಪಾದಕರ ಕಾಲ ಮೇಲೆ ಬಿತ್ತು. ಅವರು ಕೂಗಲೂ ಇಲ್ಲ. ಅವನಿಗೆ ಎದೆಯ ಭಾರ ಇಳಿದಂತಾಯಿತು. ಕ್ರೀಡಾಪುಟವೂ ಹೋಯಿತು, ಕೆಲಸವೂ ಹೋಯಿತು, ಅಜ್ಜಿಯಾದರೂ ಹೋದಳಲ್ಲ ಎಂದುಕೊಂಡ.

ಯಜಮಾನರು ನಿಧಾನವಾಗಿ ಕರ್ಚೀಫು ಇಳಿಸಿದರು. ಅವರ ಮೇಲ್ದುಟಿ ಅವನದಕ್ಕಿಂತ ಎರಡು ಪಟ್ಟು ಊದಿತ್ತು. ಮೀಸೆಯಲ್ಲಿ ಬೆಳ್ಳುಳ್ಳಿಯ ಚೂರು ಸಿಕ್ಕಿಕೊಂಡಿತ್ತು.

"ಹಾಗಾದ್ರೆ ನೀನೇನಾ?" ಎಂದರು. ಆ ತುಟಿಗೆ ಅಷ್ಟು ಹೇಳುವುದೇ ಕಷ್ಟವಾಯಿತು.

ಅವರು ಒಂದು ಹಾಳೆ ಎಳೆದುಕೊಂಡು ಬರೆದು ಸಂಪಾದಕರ ಕೈಗಿತ್ತರು. ಸಂಪಾದಕರು ಓದಿದರು: "ಇವನನ್ನು ತೆಗೆಯಬೇಡಿ. ಅಂಕಣ ನಿಲ್ಲಿಸಬೇಡಿ, ಪತ್ರಿಕೆ ನಡೆಯುತ್ತಿರುವುದೇ ಅದರಿಂದ. ಇನ್ನು ಮುಂದೆ ಪ್ರತಿ ಮದ್ದನ್ನೂ ಅಚ್ಚಿಗೆ ಹೋಗುವ ಮುಂಚೆ ಇದೇ ಕೋಣೆಯಲ್ಲಿ, ನನ್ನ ಕಣ್ಣೆದುರಿಗೆ, ಇವನ ಮೇಲೆ ಪ್ರಯೋಗ ಮಾಡತಕ್ಕದ್ದು. ಇವತ್ತಿನಿಂದಲೇ. ಮುಂದಿನ ವಾರದ್ದು ಯಾವುದು?"

ಸಂಪಾದಕರು ಅವನ ಮುಖ ನೋಡಿದರು. ಅವನು ನೆಲ ನೋಡಿದ.

"ಮೂಲವ್ಯಾಧಿ, ಸಾರ್" ಎಂದರು ಸಂಪಾದಕರು.

ಯಜಮಾನರು ಅಂಕಣದ ಹಾಳೆ ತರಿಸಿ ಓದಿ, ಇನ್ನೊಂದು ಚೀಟಿ ಬರೆದು ಟೈಪಿಸ್ಟ್ ಅಕ್ಕನ ಕೈಗಿತ್ತರು: "ನೀವು ಹೊರಗಿರಿ ತಾಯಿ. ಹೋಗುತ್ತಾ ಯಾರಾದರೂ ಡ್ರಿಲ್ ಮಾಸ್ತರು ಸಿಕ್ಕರೆ ಕಳಿಸಿ, ಎಣಿಸಲು ಒಬ್ಬರು ಬೇಕು ಎಂದು ಇವನು ಮೂರನೆಯ ಸಾಲಿನಲ್ಲಿ ಬರೆದಿದ್ದಾನೆ. ಮತ್ತೆ ಆ ಕರಿಮೆಣಸು ಎಲ್ಲಿ?"