ಮೊಹರು ಬಿದ್ದ ಬಾವಿ

ಬಹಳ ಹಿಂದೆ, ಅಂದರೆ ಓದುಗರು ಇದು ತಮ್ಮೂರಿನದೇ ಕಥೆಯೆಂದು ಅನುಮಾನಪಡಲಾರದಷ್ಟು ಹಿಂದೆ, ಸುಭದ್ರಗಿರಿ ಎಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದ ಶ್ರೀಮನ್ಮಹಾರಾಜ ವಿಶ್ರಾಂತವರ್ಮರಿಗೆ ನ್ಯಾಯವೆಂದರೆ ಪ್ರಾಣ. ಅನ್ಯಾಯ ಮಾಡಿದರೂ ಅದಕ್ಕೊಂದು ಕಡತ ಇರಲೇಬೇಕು ಎನ್ನುವಷ್ಟು ಶಿಸ್ತು.

ಅಲ್ಲಿನ ಬಣ್ಣಗಾರರ ಕೇರಿಯಲ್ಲಿ ಹೊಂಬಾಳಮ್ಮ ಎಂಬ ಹೆಂಗಸಿದ್ದಳು. ಬಟ್ಟೆಗೆ ನೀಲಿ ಹಾಕುವುದು ಅವಳ ಕಸುಬು. ಕೈ ಮೊಣಕೈವರೆಗೂ ನೀಲಿ, ಮಾತು ಕಡ್ಡಿ ಮುರಿದ ಹಾಗೆ. ಕೇರಿಗೆಲ್ಲ ಇದ್ದದ್ದು ಒಂದೇ ಬಾವಿ. ಕುಡಿಯಲಿಕ್ಕೂ ಅದೇ, ಬಟ್ಟೆ ಅದ್ದಲಿಕ್ಕೂ ಅದೇ. ಒಂದು ದಿನ ಅರಮನೆಯ ತೋಟದವರು ಬಂದು, ಮಹಾರಾಜರ ಗುಲಾಬಿಗಳಿಗೆ ನೀರು ಬೇಕೆಂದು, ಬಾವಿಯನ್ನೂ ಒಳಗೆ ಸೇರಿಸಿಕೊಂಡು ಬೇಲಿ ಹಾಕಿದರು. ಬಾವಿಯನ್ನು ಕೇರಿಗೆ ಬರೆದುಕೊಟ್ಟವರು ಮಹಾರಾಜರ ತಾತನವರೇ. ಆ ತಾಳೆಗರಿ ಅರಮನೆಯ ದಾಖಲೆ ಕೋಣೆಯಲ್ಲಿದೆಯೆಂದು ಬಲ್ಲ ಹೊಂಬಾಳಮ್ಮ ದಾವೆ ಹೂಡಿದಳು. ಪ್ರತಿವಾದಿ ಮಹಾರಾಜರು, ನ್ಯಾಯಾಧೀಶರೂ ಮಹಾರಾಜರೇ. ಹೀಗಾಗಿ ಸಮನ್ಸ್ ಜಾರಿ ಮಾಡುವ ತೊಂದರೆಯೊಂದು ತಪ್ಪಿತು.

ಮೊದಲ ವಾಯಿದೆಯಲ್ಲೇ ನ್ಯಾಯಸಚಿವ ಮುದ್ರಾಧರರು ಎದ್ದು ನಿಂತರು.

"ಪ್ರಭು, ಈ ದಾವೆಯ ಮುಖ್ಯ ಸಾಕ್ಷ್ಯ ಬಾವಿ. ಬಾವಿಯೆಂದರೆ ನೀರು. ಒಂದು ಕೊಡ ಸೇದಿದರೂ ಅಷ್ಟರಮಟ್ಟಿಗೆ ಸಾಕ್ಷ್ಯನಾಶ."

ಆಸ್ಥಾನ ತಲೆದೂಗಿತು. ಬಾವಿಯ ಬಾಯಿಗೆ ಹಲಗೆ ಬಡಿದು, ಅರಗಿನ ಮೊಹರು ಒತ್ತಿ, ಸಾಕ್ಷ್ಯದ ಗುರುತಾಗಿ 'ನಿಶಾನೆ ಒಂದು' ಎಂದು ಚೀಟಿ ಅಂಟಿಸಲಾಯಿತು. ಗುಲಾಬಿಗಳಿಗೆ ಮಾತ್ರ ಹಲಗೆಯಲ್ಲೊಂದು ಕಿಂಡಿ ಬಿಟ್ಟರು. ದಾವೆ ಹೂಡಿದ ದಿನ ಅವು ನೀರು ಕುಡಿಯುತ್ತಿದ್ದುದರಿಂದ, ಯಥಾಸ್ಥಿತಿ ಕಾಪಾಡುವ ಸಲುವಾಗಿ, ಕುಡಿಯುತ್ತಲೇ ಇರತಕ್ಕದ್ದೆಂದು ಆದೇಶವಾಯಿತು.

"ಬುದ್ಧಿ, ಆ ತಾಳೆಗರಿ ಒಂದನ್ನ ತೋರಿಸಿಬಿಡಿ. ಇವತ್ತೇ ತೀರ್ಮಾನ ಆಗೋಗುತ್ತೆ" ಎಂದಳು ಹೊಂಬಾಳಮ್ಮ.

ದಾಖಲೆ ನೋಡುವುದು ಪ್ರಜೆಯ ಹಕ್ಕೆಂದು ಮಹಾರಾಜರು ಗದ್ಗದಿತರಾಗಿ ಘೋಷಿಸಿದರು. ಮೂರನೇ ದಿನ ಎಂಬತ್ತನಾಲ್ಕು ಗಾಡಿ ತಾಳೆಗರಿ ತಂದು ಅವಳ ಅಂಗಳದಲ್ಲಿ ಸುರಿದರು. ಪಟ್ಟದಾನೆಯ ಭೇದಿಗೆ ಕೊಟ್ಟ ಔಷಧಿಯ ವಿವರ, ಅಂತಃಪುರದ ಕೊಳೆಬಟ್ಟೆಯ ಪಟ್ಟಿ, ರದ್ದಾದ ಔತಣದ ಅಡುಗೆಗಳ ಹೆಸರು, ಅರಮನೆಯ ಗಿಳಿಗೆ ಅರ್ಪಿಸಿದ ಬಿನ್ನವತ್ತಳೆ, ಎಲ್ಲವೂ ಇದ್ದವು. ಇದೇ ಸಂಪೂರ್ಣ ಪಾರದರ್ಶಕತೆಯೆಂದು ಊರೆಲ್ಲ ಡಂಗುರ ಸಾರಿದರು. ಪಕ್ಕದ ರಾಜ್ಯದವರು ಕರುಣೆಯಿಂದ ದಿನಕ್ಕೊಂದು ಗಾಡಿ ನೀರು ಕಳಿಸತೊಡಗಿದರು. ಅದನ್ನೇ ಗುಟುಕು ಗುಟುಕಾಗಿ ಕುಡಿದುಕೊಂಡು ಕೇರಿಯವರು ನಾಲ್ಕು ತಿಂಗಳು ಗರಿ ಮಗುಚಿದರು. ಬಣ್ಣದ ಬಾನಿಗಳು ಒಣಗಿ ಬಿರುಕುಬಿಟ್ಟವು. ಕೊನೆಗೂ ಗರಿ ಸಿಕ್ಕಿತು. ಮೇಲೆ 'ಶ್ರೀ', ಕೆಳಗೆ ತಾತನವರ ರುಜು. ನಡುವೆ ಒಂದಕ್ಷರವೂ ಕಾಣದಂತೆ ಮಸಿ ಬಳಿದಿತ್ತು.

"ಇದ್ರಲ್ಲಿ ಮಸಿ ಬಿಟ್ರೆ ಏನೂ ಇಲ್ವಲ್ಲ ಬುದ್ಧಿ?"

"ರಾಜ್ಯದ ಭದ್ರತೆಯ ದೃಷ್ಟಿಯಿಂದ, ತಾಯಿ" ಎಂದರು ಮುದ್ರಾಧರರು. "ಸತ್ಯ ಎಲ್ಲಿಗೂ ಹೋಗಿಲ್ಲ, ಮಸಿಯ ಕೆಳಗೆ ಕ್ಷೇಮವಾಗಿದೆ."

"ಒರೆಸಿದ್ರೆ?"

"ದಾಖಲೆ ತಿದ್ದಿದ ಅಪರಾಧ. ಏಳು ವರ್ಷ ಸೆರೆ."

ಹೊಂಬಾಳಮ್ಮನಿಗೆ ರೋಸಿಹೋಯಿತು. ಗೆಲ್ಲುವ ಆಸೆಯನ್ನೇ ಬಿಟ್ಟಳು. "ದಾವೆ ವಾಪಸ್ ತಗೋತೀನಿ. ಬಾವಿ ನಿಮ್ಮದೇ ಅಂತ ಬರ್ಕೊಳ್ಳಿ. ಮೊಹರು ತೆಗೆದು, ದಿನಕ್ಕೆ ನಾಕು ಕೊಡ ಸೇದೋಕೆ ಬಿಡಿ, ಸಾಕು."

ಮುದ್ರಾಧರರು ನೊಂದುಕೊಂಡರು. ದಾವೆ ಮುಗಿದರೆ ಸಾಕ್ಷ್ಯವನ್ನು ಅದರ ಒಡೆಯರಿಗೆ ಒಪ್ಪಿಸಿಯೇ ಮೊಹರು ಒಡೆಯಬೇಕು. ಒಡೆಯರು ಯಾರೆಂಬುದು ದಾವೆ ನಡೆದರೆ ತಾನೆ ತಿಳಿಯುವುದು? ಅದಕ್ಕಾಗಿ ವಾಪಸಾತಿಯ ಅರ್ಜಿಯನ್ನು ಅತ್ಯಂತ ಗೌರವದಿಂದ ತಿರಸ್ಕರಿಸಲಾಯಿತು.

ಆಗ ಅವಳು ಕೇರಿಯವರನ್ನೆಲ್ಲ ಕರೆದುಕೊಂಡು ಹೋಗಿ ಸಿಂಹಾಸನದ ಮುಂದೆ ನಿಲ್ಲಿಸಿದಳು. "ನಮ್ಮ ತುಟಿ ನೋಡಿ ಮಾಸ್ವಾಮಿ. ಬಾವಿ ನಮ್ಮದಲ್ದೆ ಹೋಗಿದ್ರೆ, ಅದನ್ನ ಮುಚ್ಚಿದ್ದಕ್ಕೆ ನಮಗ್ಯಾಕೆ ಬಾಯಾರುತ್ತೆ? ಇದಕ್ಕಿಂತ ಪುರಾವೆ ಬೇಕಾ?"

ಮಹಾರಾಜರು ಒರಗುದಿಂಬಿನಿಂದ ಎದ್ದು ಕುಳಿತರು. ಆ ದಾವೆಯಲ್ಲಿ ಅವರು ಎದ್ದು ಕುಳಿತದ್ದು ಅದೇ ಮೊದಲು. "ಭೇಷ್! ಇದು ಸಾಕ್ಷ್ಯ. ಮುದ್ರಾಧರ, ಮುಖ್ಯ ಸಾಕ್ಷ್ಯ ಅಂದರೆ ಇದು." ಹೊಂಬಾಳಮ್ಮ ಅಲ್ಲೇ ಕುಸಿದು ಕೂತು ಕೈ ಮುಗಿದಳು. ನಾಲ್ಕು ತಿಂಗಳಲ್ಲಿ ಅವಳ ಎದೆ ಹಗುರಾದದ್ದು ಆಗಲೇ.

"ಅಪ್ಪಣೆ, ಪ್ರಭು" ಎಂದರು ಮುದ್ರಾಧರರು. "ಬಾಯಾರಿಕೆಯನ್ನು ಈ ಕ್ಷಣದಿಂದಲೇ ಸಂರಕ್ಷಿಸುತ್ತೇವೆ."

ಸಂಜೆಯೊಳಗೆ ಪಕ್ಕದ ರಾಜ್ಯದ ನೀರಿನ ಗಾಡಿಯನ್ನು ಗಡಿಯಲ್ಲೇ ತಡೆದು ಹಿಂದಕ್ಕೆ ಕಳಿಸಿದರು. ಅದರಲ್ಲಿದ್ದುದು ಸಾಕ್ಷ್ಯವನ್ನು ನಾಶಮಾಡುವ ದ್ರವವಂತೆ. ಮುದ್ರಾಧರರಿಗೆ 'ಸಾಕ್ಷ್ಯರಕ್ಷಾಮಣಿ' ಎಂಬ ಬಿರುದು ಕೊಟ್ಟು ಆನೆಯ ಮೇಲೆ ಮೆರವಣಿಗೆ ಮಾಡಿದರು. ಮೆರವಣಿಗೆ ಕೇರಿಯನ್ನು ದಾಟುವಾಗ ಗುಮಾಸ್ತರು ಮನೆಮನೆಗೆ ನುಗ್ಗಿ, ಮುದುಕರು ಮಕ್ಕಳೆನ್ನದೆ ಎಲ್ಲರ ಕೊರಳಿಗೂ 'ನಿಶಾನೆ ಎರಡು' ಎಂದು ಚೀಟಿ ಕಟ್ಟಿದರು.

ಹೊಂಬಾಳಮ್ಮನಿಗೆ ಚೀಟಿ ಕಟ್ಟಿದ ಗುಮಾಸ್ತ ಒಳ್ಳೆಯವನು. ಅವಳ ಕೆನ್ನೆಯ ಮೇಲೆ ಇಳಿಯುತ್ತಿದ್ದುದನ್ನು ಕಂಡು ಗಾಬರಿಯಾದ.

"ಅಳಬೇಡಿ ಅಮ್ಮ" ಎಂದ ಮೆಲ್ಲಗೆ, "ಸಾಕ್ಷ್ಯ ಒದ್ದೆಯಾಗುತ್ತೆ."