ಮಾವನ ಆಂಪ್ಲಿಫೈಯರಿಗೆ ಹೊಸ ಟ್ರಿಮ್ಮರು

ಅಳಿಯ ಸ್ಕ್ರೂಡ್ರೈವರನ್ನು ಕೂದಲೆಳೆಯಷ್ಟೇ ತಿರುಗಿಸಿದ್ದು. ಟಿಕ್ ಎಂದಿತು. ಹಳೆಯ ಆಂಪ್ಲಿಫೈಯರಿನ ಹೊಟ್ಟೆಯಲ್ಲಿದ್ದ, ಕರೆಂಟಿನ ಹದ ಹಿಡಿಯುವ ಉಗುರಗಲದ ಟ್ರಿಮ್ಮರು ಎರಡು ಹೋಳಾಗಿ, ಒಂದು ಹೋಳು ಹಾರಿ ಸೋಫಾದಡಿ ಸೇರಿತು.

ಆಂಪ್ಲಿಫೈಯರು ಮಾವನದು. ಅದರ ಎಡಭಾಗ ವರ್ಷಗಟ್ಟಲೆಯಿಂದ ಕರಕರ ಎನ್ನುತ್ತಿತ್ತು. ಮಾವ ಎಡಬಲ ಹೊಂದಿಸುವ ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಒಂದೇ ಸ್ಪೀಕರಿನಲ್ಲಿ ಸಂಸಾರ ನಡೆಸಿದ್ದರು. ಮೊನ್ನೆ ಅದನ್ನು ಮಗಳ ಮನೆಗೆ ತಂದಿಟ್ಟಾಗ, ವಿಮಾ ಕಚೇರಿಯ ಗುಮಾಸ್ತನಾದ ಅಳಿಯ ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿದ ಧೈರ್ಯದಲ್ಲಿ, ಬಿಡಿ ಮಾವ, ನಾನೇ ಸರಿ ಮಾಡ್ತೀನಿ ಎಂದುಬಿಟ್ಟಿದ್ದ. ಈ ಸಂಜೆ ಮಾವ ಕೇಳಲು ಬರುವವರಿದ್ದರು.

"ನಿನ್ನೆವರೆಗೂ ಅರ್ಧ ಹಾಡ್ತಿತ್ತು. ಈಗ ಪೂರ್ತಿ ಮೂಕವಾಯ್ತು," ಎಂದು ಹೆಂಡತಿ ಸೋಫಾ ಸರಿಸಿ, ಹೋಳನ್ನು ಹುಡುಕಿ ಕೈಗಿಟ್ಟಳು.

ಸೋಫಾ ಎಳೆದ ಸದ್ದಿಗೆ ಮೇಲಿನ ಮನೆಯ ಲಿಫ್ಟ್ ಮೆಕ್ಯಾನಿಕ್ಕು ಇಳಿದು ಬಂದರು. ಅವರ ಹಿಂದೆಯೇ ಎದುರುಮನೆಯ ಹಲ್ಲಿನ ಡಾಕ್ಟರಮ್ಮ. ಮೆಕ್ಯಾನಿಕ್ಕಿನ ಪ್ರಕಾರ ಎರಡು ತಂತಿ ಸೇರಿಸಿ ಗಂಟು ಹಾಕಿದರೆ ಆಯಿತು, ಟ್ರಿಮ್ಮರು ಶೋಕಿಗೆ ಇಡುವ ವಸ್ತು. ಡಾಕ್ಟರಮ್ಮ ಒಪ್ಪಲಿಲ್ಲ. ಅಳಿಯ, ಟ್ರಾನ್ಸಿಸ್ಟರಿಗೆ ಎಷ್ಟು ಕರೆಂಟು ಹೋಗಬೇಕೆಂದು ಹದ ಮಾಡುವುದೇ ಇದು, ತಪ್ಪಿದರೆ ಸುಟ್ಟುಹೋಗುತ್ತೆ ಎಂದು ವಿಡಿಯೋದಲ್ಲಿ ಕಲಿತದ್ದನ್ನು ಒಪ್ಪಿಸುತ್ತಿರುವಾಗಲೇ ಡಾಕ್ಟರಮ್ಮ ಚಿಕಿತ್ಸಾಲಯದ ಪುಟ್ಟ ಕನ್ನಡಿ ತಂದು ಒಳಗೆ ಇಳಿಬಿಟ್ಟರು.

"ಒಂದು ಹೋಗಿದೆ ಅಂದ್ರೆ ಪಕ್ಕದ್ದೂ ಅಲ್ಲಾಡ್ತಿರುತ್ತೆ. ಎರಡೂ ಕೀಳಿ," ಎಂದರು, ಬಾಯಿ ತೆರೆದು ಕೂತ ರೋಗಿಗೆ ಹೇಳುವ ದನಿಯಲ್ಲೇ.

ಎಡಗಡೆಯದು, ಬಲಗಡೆಯದು ಎರಡನ್ನೂ ಕಿತ್ತದ್ದಾಯಿತು. ಅಳಿಯ ಅವನ್ನು ಕಾಗದದಲ್ಲಿ ಸುತ್ತಿಕೊಂಡು ಬಿಡಿಭಾಗಗಳ ಅಂಗಡಿಗೆ ಓಡಿದ.

ಅಂಗಡಿಯವನು ಕಣ್ಣೆತ್ತದೆ ಪ್ರಶ್ನೆ ಶುರುಮಾಡಿದ. ಎಷ್ಟು ಓಮಿನದು? ಒಂದೇ ಸುತ್ತಿನದೋ, ಹಲವು ಸುತ್ತಿನದೋ? ಧೂಳು ಹೋಗದ ಹಾಗೆ ಮುಚ್ಚಿದ್ದೋ, ತೆರೆದದ್ದೋ? ತಲೆಯಿಂದ ತಿರುಗಿಸೋದೋ, ಪಕ್ಕೆಯಿಂದಲೋ? ಹೆಣ್ಣು ನೋಡಲು ಹೋದಾಗಲೂ ಅಳಿಯನಿಗೆ ಇಷ್ಟು ಆಯ್ಕೆ ಸಿಕ್ಕಿರಲಿಲ್ಲ. ಓಮಿನ ಲೆಕ್ಕ ಹಳೆಯದರ ಬೆನ್ನಮೇಲೆಯೇ ಇತ್ತು. ಉಳಿದದ್ದಕ್ಕೆ ಒಳ್ಳೆಯದು ಯಾವುದೋ ಅದನ್ನೇ ಕೊಡಿ ಎಂದ. ಅಂಗಡಿಯವನು ಪಕ್ಕೆಯಿಂದ ತಿರುಗಿಸುವ, ಹಲವು ಸುತ್ತಿನ ಜೋಡಿಯೊಂದನ್ನು ಕಟ್ಟಿಕೊಟ್ಟ.

ಮನೆಗೆ ಬಂದು ನೋಡಿದರೆ, ಕೂರಿಸಿದ ಮೇಲೆ ಅದರ ತಿರುಪು ಟ್ರಾನ್ಸ್‌ಫಾರ್ಮರಿನ ಗೋಡೆಗೆ ಮುಖಮಾಡುತ್ತಿತ್ತು. ಸ್ಕ್ರೂಡ್ರೈವರು ಹೋಗಬೇಕಾದರೆ ಟ್ರಾನ್ಸ್‌ಫಾರ್ಮರಿಗೆ ತೂತು ಕೊರೆಯಬೇಕು. ಮೆಕ್ಯಾನಿಕ್ಕು ಕೊರೆಯಲು ಸಿದ್ಧರಿದ್ದರು. ಅಳಿಯ ಅವರ ಕೈ ಹಿಡಿದು ತಡೆದು, ಮತ್ತೆ ಅಂಗಡಿಗೆ ಓಡಿ ತಲೆಯಿಂದ ತಿರುಗಿಸುವ, ಹಲವು ಸುತ್ತಿನದೇ ಜೋಡಿಗೆ ಬದಲಾಯಿಸಿಕೊಂಡು ಬಂದ. ಇವುಗಳದು ಬೇರೆ ತಕರಾರು. ಹಳೆಯದರ ಮೂರು ಕಾಲು ಒಲೆಯ ಗುಂಡುಗಳಂತೆ ಮುಕ್ಕೋನದಲ್ಲಿದ್ದವು. ಹೊಸದರದು ಒಂದೇ ಸಾಲು. ಡಾಕ್ಟರಮ್ಮ ತಮ್ಮ ಚಿಮುಟ ತಂದು, ಸ್ವಲ್ಪ ನೋಯುತ್ತೆ ಎಂದು ಅಭ್ಯಾಸಬಲದಿಂದ ಗೊಣಗುತ್ತಾ, ಕಾಲುಗಳನ್ನು ಬಗ್ಗಿಸಿ ಕೂರಿಸಿದರು. ಅಳಿಯ ಬೆಸುಗೆ ಹಾಕಿದ.

ಮೆಕ್ಯಾನಿಕ್ಕು ಒಂದು ಕೆಲಸವನ್ನಂತೂ ಸರಿಯಾಗಿ ಮಾಡಿದರು. ಕರೆಂಟಿನ ದಾರಿಯಲ್ಲಿ ಒಂದು ಬಲ್ಬು ಸೇರಿಸಿದರು. ಒಳಗೆ ಕರೆಂಟು ಮಿತಿಮೀರಿದರೆ ಆಂಪ್ಲಿಫೈಯರು ಸುಡುವ ಬದಲು ಬಲ್ಬು ಉರಿಯಲಿ ಎಂದು. ಅಳಿಯ ಮೀಟರು ನೋಡುತ್ತಾ ಎಡಗಡೆಯ ಟ್ರಿಮ್ಮರು ತಿರುಗಿಸಿದ. ಮುಳ್ಳು ಕದಲಲಿಲ್ಲ. ಹಲವು ಸುತ್ತಿನ ಟ್ರಿಮ್ಮರೆಂದರೆ ಸರ್ಕಾರಿ ಕಡತದ ಹಾಗೆ, ಎಷ್ಟೋ ಸುತ್ತು ಹಾಕಿದ ಮೇಲೆ ಒಂದಿಷ್ಟು ಸರಿಯುವಂಥದ್ದು. ಅದು ತಿಳಿಯದ ಮೆಕ್ಯಾನಿಕ್ಕು ಸ್ಕ್ರೂಡ್ರೈವರು ಕಸಿದುಕೊಂಡು, ಲಿಫ್ಟು ಏಳನೇ ಮಹಡಿಗೆ ಹೋಗಬೇಕೆಂಬಂತೆ ಗರಗರ ತಿರುಗಿಸಿದರು. ಬಲ್ಬು ಧಗ್ಗನೆ ಹೊತ್ತಿಕೊಂಡಿತು. ಹೆಂಡತಿ ಪ್ಲಗ್ಗು ಕಿತ್ತಳು. ಆಮೇಲೆ ಸ್ಕ್ರೂಡ್ರೈವರು ಅವಳ ಕೈಯಲ್ಲೇ ಉಳಿಯಿತು. ಅಳಿಯ ಮೀಟರು ಓದಿದ, ಅವಳು ಉಪ್ಪು ನೋಡಿದ ಹಾಗೆ ಇಷ್ಟಿಷ್ಟೇ ತಿರುಗಿಸಿದಳು. ಎರಡೂ ಕಡೆ ಮುಳ್ಳು ಹೇಳಿದಲ್ಲಿ ನಿಂತಿತು. ಬಲ್ಬು ಮಂಕಾಗಿಯೇ ಇತ್ತು.

ಸಂಜೆ ಮಾವ ಬಂದರು. ಕರೆಯದಿದ್ದರೂ ನೆರೆಯವರಿಬ್ಬರೂ ಕುರ್ಚಿ ತಂದು ಕೂತಿದ್ದರು. ಅಳಿಯ ಗುಂಡಿಯನ್ನು ನಟ್ಟನಡುವೆ ಇಟ್ಟು, ಎಡಗಡೆಯ ಸ್ಪೀಕರಿಗೆ ಕಿವಿಗೊಡಲು ಹೇಳಿದ. ಕರಕರ ಇಲ್ಲ, ಗುಂಯ್ ಇಲ್ಲ. ಮಾವನ ಕಣ್ಣು ತೇವವಾಯಿತು. ಮಗನಂಥ ಅಳಿಯ ಎಂದು ಡಾಕ್ಟರಮ್ಮನಿಗೆ ಹೇಳಿ, ಜೇಬಿನಿಂದ ಒಂದು ಕ್ಯಾಸೆಟ್ಟು ತೆಗೆದರು. ಮಗಳ ಮದುವೆಯಲ್ಲಿ ತಾವೇ ಹಾಡಿದ ಹಾಡು. ಎರಡು ಮೈಕು ಇಡಿಸಿದ್ದರಂತೆ: ಒಂದು ತಮ್ಮ ಮುಂದೆ, ಇನ್ನೊಂದು ಮಂಟಪದಲ್ಲಿ, ಗಂಡುಹೆಣ್ಣಿನ ಪಕ್ಕದಲ್ಲಿ. ಮಂಟಪದ ಮೈಕು ಎಡಗಡೆಯ ಸ್ಪೀಕರಿನಲ್ಲಿ ಬರುವುದು; ಅದು ಕೆಟ್ಟದ್ದರಿಂದ ಆ ಸಡಗರ ಇದುವರೆಗೆ ಕೇಳಲಾಗಿರಲಿಲ್ಲ.

ಆಂಪ್ಲಿಫೈಯರಿಗೆ ಜೋಡಿಸಿದ್ದ ಕ್ಯಾಸೆಟ್ ಪ್ಲೇಯರಿನಲ್ಲಿ ಹಾಡು ಶುರುವಾಯಿತು. ಬಲಗಡೆ ಮಾವ ಆಲಾಪ ಎಳೆದರು. ಎಡಗಡೆಯಿಂದ, ಪಕ್ಕದ ಕುರ್ಚಿಯಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ, ಮದುಮಗನ ದನಿ ಗೆಳೆಯನಿಗೆ ಹೇಳಿತು: "ಹೋಗಿ ಮಾವನ ಮೈಕಿನ ವೈರು ಕೀಳೋ. ಮಗಳನ್ನ ಕೊಟ್ಟಿದ್ದು ಸಾಲದು ಅಂತ ಈ ಹಾಡನ್ನೂ ಕೊಡ್ತಿದಾರೆ."

ಅಳಿಯ ಗುಂಡಿಯ ಕಡೆಗೆ ಕೈ ಚಾಚಿದ. ಮಾವ ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡರು.

"ಬಹಳ ಚೆನ್ನಾಗಿ ರಿಪೇರಿ ಮಾಡಿದೀರಿ, ಅಳಿಯಂದಿರೇ," ಎಂದರು. "ಇರಲಿ, ಪೂರ್ತಿ ಕೇಳೋಣ."

ಮೆಕ್ಯಾನಿಕ್ಕು ಕುರ್ಚಿಯನ್ನು ಎಡಗಡೆಯ ಸ್ಪೀಕರಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. ಹಾಡು ಬಲು ಉದ್ದದ್ದು. ಅಂದು ತಾನು ಅದರ ಒಂದು ಚರಣಕ್ಕೂ ಬಾಯಿ ಮುಚ್ಚಿ ಕೂತಿರಲಿಲ್ಲವೆಂಬುದು ಅಳಿಯನಿಗೆ ಚೆನ್ನಾಗಿ ನೆನಪಿತ್ತು.